ಸಬ್ಸಿಡಿ ಆಮೇಲೆ, ಮೊದಲು ಬಾಕಿ ಬಿಲ್ಲು

ಪ್ರಶ್ನೆ: ತಿಪಟೂರು ಹತ್ತಿರ ನಮ್ಮದೊಂದು ಕೊಬ್ಬರಿ ಎಣ್ಣೆ ಘಟಕ ಇದೆ. ಐದು ಜನ ಕೆಲಸಕ್ಕಿದ್ದಾರೆ. ವರ್ಷದ ವಹಿವಾಟು ಸುಮಾರು 60 ಲಕ್ಷ ರೂಪಾಯಿ. ಹೊಸ ಎಕ್ಸ್‌ಪೆಲ್ಲರ್, ಫಿಲ್ಟರ್, ಪ್ಯಾಕಿಂಗ್ ಮಷಿನ್ ಎಲ್ಲ ಸೇರಿ 18 ಲಕ್ಷದ ಕೊಟೇಶನ್ ತರಿಸಿದ್ದೇವೆ. ಕನ್ಸಲ್ಟೆಂಟ್ ಒಬ್ಬರು ಶೇ 35 ಸಬ್ಸಿಡಿ ಗ್ಯಾರಂಟಿ ಅನ್ನುತ್ತಾರೆ, ಫೈಲ್ ಚಾರ್ಜ್ 40 ಸಾವಿರ ಕೇಳುತ್ತಿದ್ದಾರೆ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಸರ್ಟಿಫಿಕೇಟ್ ರಿನ್ಯೂವಲ್‌ಗೂ ದುಡ್ಡು ಕೊಡಬೇಕಂತೆ. ಬ್ಯಾಂಕಿನವರು ಮನೆ ಪತ್ರ ಅಡ ಇಡಿ ಎನ್ನುತ್ತಾರೆ. ಸೂಪರ್ ಮಾರ್ಕೆಟ್‌ಗಳಿಗೆ ಮಾಲು ಹಾಕುವ ಒಂದು ಕಂಪನಿಯಿಂದ 4.2 ಲಕ್ಷ ಬರಬೇಕು. 90 ದಿನದ ಕರಾರು ಇತ್ತು, ಅದೂ ಮುಗಿದು ತಿಂಗಳುಗಳಾದವು. ನಮ್ಮಂಥ ಸಣ್ಣವರಿಗೆ ಸರ್ಕಾರದಿಂದ ನಿಜವಾಗಿ ಏನು ಸಿಗುತ್ತದೆ?

ಉತ್ತರ: ನೀವು ಸಬ್ಸಿಡಿಯಿಂದ ಶುರು ಮಾಡಿ ಬಾಕಿ ಹಣದಲ್ಲಿ ಮುಗಿಸಿದ್ದೀರಿ. ನಾನು ಉಲ್ಟಾ ಬರುತ್ತೇನೆ. ಸಬ್ಸಿಡಿ ಬರಲು ತಿಂಗಳುಗಟ್ಟಲೆ ಬೇಕು, ಬಂದರೂ ಮೂರು ವರ್ಷ ಕೈಗೆ ಸಿಗುವುದಿಲ್ಲ. ಆ 4.2 ಲಕ್ಷ ಈಗಾಗಲೇ ನಿಮ್ಮದು. ಅದನ್ನು ವಸೂಲಿ ಮಾಡಲು ಸರ್ಕಾರ ನಿಮಗೆ ಒಳ್ಳೆಯ ಕಾನೂನನ್ನೇ ಕೊಟ್ಟಿದೆ. ಆದರೆ ಅದನ್ನು ಬಳಸುವವರು ಕಡಿಮೆ.

2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ನೋಡಿ. ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ತೆಗೆದುಕೊಂಡವರು ಬರಹದ ಕರಾರು ಇದ್ದರೆ ಅದರಲ್ಲಿರುವ ದಿನದೊಳಗೆ ದುಡ್ಡು ಕೊಡಬೇಕು. ಆದರೆ ಆ ಅವಧಿ 45 ದಿನ ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ಅಂದರೆ ನಿಮ್ಮಿಂದ ಸಹಿ ಹಾಕಿಸಿಕೊಂಡ 90 ದಿನದ ಕರಾರಿಗೆ ಈ ಕಾಯ್ದೆಯ ಮುಂದೆ ಬೆಲೆ ಇಲ್ಲ. ಇಬ್ಬರೂ ಒಪ್ಪಿಯೇ ಸಹಿ ಹಾಕಿದ್ದರೂ ಅಷ್ಟೇ.

ತಡವಾದರೆ ಬಡ್ಡಿ ಎಷ್ಟು? ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಲೆಕ್ಕಕ್ಕೆ ಬ್ಯಾಂಕ್ ದರ ಶೇ 6 ಎಂದು ಇಟ್ಟುಕೊಳ್ಳೋಣ. ಮೂರು ಪಟ್ಟು ಅಂದರೆ ವರ್ಷಕ್ಕೆ ಶೇ 18, ತಿಂಗಳಿಗೆ ಒಂದೂವರೆ. ಏಪ್ರಿಲ್ 10ಕ್ಕೆ ಮಾಲು ತಲುಪಿದ್ದರೆ ಮೇ 25ಕ್ಕೆ 45 ದಿನ ಮುಗಿಯಿತು. ಅಲ್ಲಿಂದ ಆರು ತಿಂಗಳು ಕಳೆದರೆ 4.2 ಲಕ್ಷದ ಮೇಲೆ ಬಡ್ಡಿಯೇ ಸುಮಾರು 39 ಸಾವಿರ ಆಗುತ್ತದೆ. ನಿಮ್ಮ ಕನ್ಸಲ್ಟೆಂಟ್ ಕೇಳಿದ ಫೈಲ್ ಚಾರ್ಜ್ ಹತ್ತಿರ ಹತ್ತಿರ ಅಷ್ಟೇ, ಅಲ್ವಾ? ಮಾಲು ಸರಿ ಇಲ್ಲ ಎಂದು ತಕರಾರು ಮಾಡುವುದಿದ್ದರೂ, ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಹೇಳಬೇಕು. ಆಮೇಲೆ ಫೋನಿನಲ್ಲಿ ‘ಎಣ್ಣೆ ಕ್ವಾಲಿಟಿ ಸ್ವಲ್ಪ...’ ಎಂದು ರಾಗ ಎಳೆದರೆ ಮಾಲು ಒಪ್ಪಿಕೊಂಡ ದಿನ ಮುಂದಕ್ಕೆ ಹೋಗುವುದಿಲ್ಲ.

‘ಕೇಸು ಹಾಕಿದರೆ ಮುಂದೆ ಆರ್ಡರೇ ಕೊಡಲ್ಲ’ ಎಂಬ ಭಯ ನಿಮಗಿರುತ್ತದೆ. ಅದು ಸುಮ್ನೆ ಭಯ ಅಲ್ಲ, ಹಾಗೆ ಆಗುತ್ತದೆ. ಅದಕ್ಕೇ ಮೊದಲ ಹೆಜ್ಜೆಯಾಗಿ ದೂರು ಕೊಡಬೇಡಿ, ಪತ್ರ ಬರೆಯಿರಿ. ಪತ್ರ ಹೋಗಬೇಕಾದ್ದು ಖರೀದಿ ವಿಭಾಗಕ್ಕಲ್ಲ, ಅವರ ಅಕೌಂಟ್ಸ್ ವಿಭಾಗಕ್ಕೆ. ಕಾರಣ ಆದಾಯ ತೆರಿಗೆಯ ಒಂದು ನಿಯಮ. ಆಡಿಟರ್‌ಗಳ ಬಾಯಲ್ಲಿ ಅದು 43ಬಿ(ಎಚ್). 2023ರ ಬಜೆಟ್‌ನಲ್ಲಿ ಬಂದು 2024ರ ಏಪ್ರಿಲ್ 1ರಿಂದ ಜಾರಿಯಾಯಿತು. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡು ಗಡುವು ದಾಟಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ, ಕೊಳ್ಳುವವರು ಆ ವರ್ಷ ಅದನ್ನು ಖರ್ಚು ಎಂದು ತೋರಿಸುವಂತಿಲ್ಲ. ಕೊಟ್ಟ ವರ್ಷದಲ್ಲೇ ತೋರಿಸಬೇಕು. ಶೇ 25 ತೆರಿಗೆ ಕಟ್ಟುವ ಕಂಪನಿಗೆ ನಿಮ್ಮ 4.2 ಲಕ್ಷದಿಂದ ಆ ವರ್ಷ ಒಂದು ಲಕ್ಷದ ಮೇಲೆ ತೆರಿಗೆ ಜಾಸ್ತಿ ಬೀಳುತ್ತದೆ. ನಿಮಗೆ ಕೊಡುವ ತಡದ ಬಡ್ಡಿಯನ್ನೂ ಅವರು ಖರ್ಚಿನಲ್ಲಿ ಕಳೆಯುವಂತಿಲ್ಲ. ಇದು ಖರೀದಿ ಮ್ಯಾನೇಜರ್‌ಗೆ ಗೊತ್ತಿರುವುದಿಲ್ಲ, ಅವರ ಅಕೌಂಟೆಂಟ್‌ಗೆ ಚೆನ್ನಾಗಿ ಗೊತ್ತು.

ಪತ್ರದಲ್ಲಿ ಜಗಳದ ಮಾತು ಬೇಡ. ‘ನಮ್ಮದು ಸೂಕ್ಷ್ಮ ಉತ್ಪಾದನಾ ಘಟಕ, ಉದ್ಯಮ್ ನಂಬರ್ ಇದು, ಈ ಬಿಲ್ಲುಗಳು ಇಂಥ ದಿನದಿಂದ ಬಾಕಿ ಇವೆ, ನಿಮ್ಮ ವರ್ಷದ ಲೆಕ್ಕಪತ್ರದಲ್ಲಿ ಎಂಎಸ್‌ಎಂಇ ಬಾಕಿ ಎಂದು ತೋರಿಸಿಕೊಳ್ಳಿ, ಬ್ಯಾಲೆನ್ಸ್ ದೃಢೀಕರಿಸಿ ಕಳಿಸಿ’ ಎಂದಿದ್ದರೆ ಸಾಕು. ಉದ್ಯಮ್ ಸರ್ಟಿಫಿಕೇಟಿನ ಪ್ರತಿ ಜೊತೆಗಿರಲಿ. ಅವರ ಆಡಿಟ್ ಆದ ಲೆಕ್ಕದಲ್ಲಿ ಇಂಥ ಬಾಕಿಯನ್ನು ಬೇರೆಯಾಗಿ ತೋರಿಸಲೇಬೇಕು ಎಂದು ಅದೇ 2006ರ ಕಾಯ್ದೆ ಹೇಳುತ್ತದೆ. ಜನವರಿ, ಫೆಬ್ರವರಿಯಲ್ಲಿ ಕಳಿಸಿದ ಪತ್ರಕ್ಕೆ ಮಾರ್ಚ್ ಹೊತ್ತಿಗೆ ಉತ್ತರ ಬರುವ ಸಾಧ್ಯತೆ ಜಾಸ್ತಿ.

ಅದಕ್ಕೂ ಜಗ್ಗದಿದ್ದರೆ ಬಾಕಿ ಹಣದ ದೂರಿಗೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. 2017ರಲ್ಲಿ ಸಮಾಧಾನ್ ಎಂಬ ಹೆಸರಿನಲ್ಲಿ ಶುರುವಾಯಿತು. ಅಲ್ಲಿ ಹಾಕಿದ ಅರ್ಜಿ ಇಂಥ ಬಾಕಿ ವ್ಯಾಜ್ಯ ನೋಡುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಮೊದಲು ರಾಜಿ, ಆಗದಿದ್ದರೆ ಮಧ್ಯಸ್ಥಿಕೆ. 90 ದಿನದಲ್ಲಿ ತೀರ್ಮಾನ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ಅಷ್ಟು ಬೇಗ ಆಗುತ್ತದೆ ಎಂದು ನಂಬಿ ಕೂರಬೇಡಿ. ಆದರೆ ತೀರ್ಪು ನಿಮ್ಮ ಪರ ಬಂದರೆ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಆ ಕಂಪನಿ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು. ಈ ಕಾಯ್ದೆಗೆ ಹಲ್ಲಿರುವುದೇ ಇಲ್ಲಿ. ತುಂಬಾ ಪ್ರಕರಣ ತೀರ್ಪಿಗೆ ಮೊದಲೇ ರಾಜಿಯಾಗುವುದೂ ಇದಕ್ಕೇ.

ಎರಡು ಷರತ್ತು ಇವೆ. ನಿಮ್ಮ ಉದ್ಯಮ್ ನೋಂದಣಿ ಮಾಲು ಕೊಡುವ ಮೊದಲೇ ಆಗಿರಬೇಕು. ಆಮೇಲೆ ಮಾಡಿಸಿದ ನೋಂದಣಿಯಿಂದ ಹಳೆಯ ಬಿಲ್ಲಿಗೆ ರಕ್ಷಣೆ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021 ಮತ್ತು 2022ರ ತೀರ್ಪುಗಳಲ್ಲಿ ಹೇಳಿದೆ. ಇನ್ನೊಂದು, ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಮಾತ್ರ. ಬರೀ ತಂದು ಮಾರುವ ವ್ಯಾಪಾರಿಗಳೂ 2021ರಿಂದ ಉದ್ಯಮ್ ನೋಂದಣಿ ಮಾಡಿಸಬಹುದು, ಆದರೆ ಅವರಿಗೆ ಸಿಗುವುದು ಆದ್ಯತಾ ವಲಯದ ಸಾಲದ ಲಾಭ ಅಷ್ಟೇ. ನೀವು ಬೇರೆಯವರ ಕಡಲೆಕಾಯಿ ಎಣ್ಣೆ ತಂದು ನಿಮ್ಮ ಡಬ್ಬಿಯ ಜೊತೆ ಮಾರುತ್ತಿದ್ದರೆ, ಆ ಬಿಲ್ಲನ್ನು ಬೇರೆ ಇಡಿ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸಿದರೆ ಎದುರು ಪಾರ್ಟಿಯ ವಕೀಲರಿಗೆ ಹಬ್ಬ.

ಉದ್ಯಮ್ ವಿಷಯ ಚುಟುಕಾಗಿ ಹೇಳುತ್ತೇನೆ. ನೋಂದಣಿ ಪೂರ್ತಿ ಉಚಿತ. ಆಧಾರ್, ಪಾನ್ ಸಾಕು, ನೀವೇ ಮಾಡಿಕೊಳ್ಳಬಹುದು. ರಿನ್ಯೂವಲ್ ಅನ್ನುವುದೇ ಇಲ್ಲ. ನಿಮ್ಮ ಐಟಿ ರಿಟರ್ನ್, ಜಿಎಸ್‌ಟಿಯಿಂದ ಅಂಕಿ ತಾನಾಗಿ ತೆಗೆದುಕೊಳ್ಳುತ್ತದೆ. ಆದ್ದರಿಂದ ರಿಟರ್ನ್ ಹಾಕುವುದನ್ನು ಮಾತ್ರ ತಪ್ಪಿಸಬೇಡಿ. 2025ರ ಏಪ್ರಿಲ್ 1ರಿಂದ ಮಿತಿಗಳೂ ದೊಡ್ಡದಾಗಿವೆ. ಮಷಿನ್ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿವರೆಗೂ ಸೂಕ್ಷ್ಮ. ಸಣ್ಣ ಅಂದರೆ 25 ಕೋಟಿ ಮತ್ತು 100 ಕೋಟಿ. 18 ಲಕ್ಷದ ಮಷಿನ್ ಹಾಕಿದರೆ ವರ್ಗ ಬದಲಾಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಕ್ಕು ಬಿಡಿ.

ಈಗ ಆ ಶೇ 35ಕ್ಕೆ ಬರೋಣ. ಇದೇ ಶೇಕಡಾ ಎರಡು ಬೇರೆ ಬೇರೆ ಯೋಜನೆಯಲ್ಲಿದೆ. ನಿಮ್ಮ ಕನ್ಸಲ್ಟೆಂಟ್ ಯಾವುದರ ಮಾತಾಡುತ್ತಿದ್ದಾರೆ ಎಂದು ಮೊದಲು ಕೇಳಿ.

ಒಂದು ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ. ಖಾದಿ ಆಯೋಗ, ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ 2008ರಿಂದ ನಡೆದಿರುವ ಯೋಜನೆ. ತಯಾರಿಕಾ ಘಟಕಕ್ಕೆ ಯೋಜನಾ ವೆಚ್ಚ 50 ಲಕ್ಷದವರೆಗೆ, ಸೇವೆಗೆ 20 ಲಕ್ಷ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರು ಮೊದಲಾದವರಿಗೆ ಶೇ 35. ಆದರೆ ಈ ದರದ ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ. ನಿಮ್ಮದು ಈಗಾಗಲೇ ಓಡುತ್ತಿರುವ ಘಟಕ, ಆದ್ದರಿಂದ ಆ ಬಾಗಿಲು ನಿಮಗೆ ಮುಚ್ಚಿದೆ. ‘ಮನೆಯವರ ಹೆಸರಿನಲ್ಲಿ ಹೊಸದು ಅಂತ ತೋರಿಸೋಣ’ ಎಂಬ ಸಲಹೆ ಬರಬಹುದು. ಅದೇ ಶೆಡ್ಡು, ಅದೇ ಮೀಟರು, ಅದೇ ಮಷಿನ್. ಸ್ಥಳ ತಪಾಸಣೆ ಇರುತ್ತದೆ, ಗಂಡ ಹೆಂಡತಿ ಸೇರಿ ಒಂದು ಕುಟುಂಬಕ್ಕೆ ಒಂದೇ ಅವಕಾಶ. ಸಿಕ್ಕಿಬಿದ್ದಾಗ ಸಬ್ಸಿಡಿ ವಾಪಸ್ ಕಟ್ಟುವವರು ನೀವು. ಕನ್ಸಲ್ಟೆಂಟ್ ಅಷ್ಟು ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಇನ್ನೊಂದು ಪಿಎಂಎಫ್‌ಎಂಇ. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ 2020ರಲ್ಲಿ ಬಂದದ್ದು. ಓಡುತ್ತಿರುವ ಘಟಕ ದೊಡ್ಡದು ಮಾಡಲೂ ಸಿಗುತ್ತದೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ತುಮಕೂರಿಗೆ ತೆಂಗೇ ಇದೆ. ನಿಮಗೆ ಹೊಂದುವುದು ಇದೇ. ಕೇಂದ್ರದ್ದು ಶೇ 35, ಹತ್ತು ಲಕ್ಷದ ಮಿತಿ. ಕರ್ನಾಟಕ ಸರ್ಕಾರ ಇದರ ಮೇಲೆ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಮಾಡಿದೆ. ಅಂದರೆ ಕನ್ಸಲ್ಟೆಂಟ್ ನಿಮಗೆ ಕಡಿಮೆಯೇ ಹೇಳಿದ್ದಾರೆ! ನಿಮ್ಮ 18 ಲಕ್ಷದಲ್ಲಿ ಕೈಯಿಂದ ಶೇ 10, ಅಂದರೆ 1.8 ಲಕ್ಷ. ಬ್ಯಾಂಕ್ ಸಾಲ 16.2 ಲಕ್ಷ. ಸಬ್ಸಿಡಿ 9 ಲಕ್ಷದವರೆಗೆ.

ಈ 9 ಲಕ್ಷ ನಿಮ್ಮ ಉಳಿತಾಯ ಖಾತೆಗೆ ಬಂದು ಬೀಳುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂರುತ್ತದೆ. ಆ ಮೊತ್ತದ ಮಟ್ಟಿಗೆ ನಿಮಗೆ ಬಡ್ಡಿ ಹೊರೆ ಇರುವುದಿಲ್ಲ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷವಾದಾಗ ಘಟಕ ಓಡುತ್ತಿರಬೇಕು, ಸಾಲದ ಖಾತೆ ಸರಿಯಾಗಿರಬೇಕು. ಆಗ ಅದನ್ನು ಸಾಲಕ್ಕೆ ವಜಾ ಮಾಡುತ್ತಾರೆ.  ಪಿಎಂಇಜಿಪಿಯಲ್ಲೂ ಮೂರು ವರ್ಷದ ಲಾಕ್ ಇದೆ. ಆದ್ದರಿಂದ ಕಂತಿನ ಲೆಕ್ಕ ಹಾಕುವಾಗ ಸಬ್ಸಿಡಿ ಇಲ್ಲವೇ ಇಲ್ಲ ಎಂದುಕೊಂಡು ಹಾಕಿ. 16.2 ಲಕ್ಷಕ್ಕೂ ಕಂತು ಕಟ್ಟುವಷ್ಟು ಎಣ್ಣೆ ಮಾರಾಟವಾಗುತ್ತದೆ ಎಂದಾದರೆ ಮಾತ್ರ ಮಷಿನ್ ತನ್ನಿ. ಸಬ್ಸಿಡಿ ಇದೆಯೆಂದೇ ಮಷಿನ್ ತಂದವರ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತ ಮಷಿನ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನು ಫೈಲ್ ಚಾರ್ಜ್. ಪಿಎಂಎಫ್‌ಎಂಇಗೆ ಪ್ರತಿ ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಇದ್ದಾರೆ. ಪ್ರಾಜೆಕ್ಟ್ ರಿಪೋರ್ಟ್ ಮಾಡುವುದು, ಅರ್ಜಿ ಹಾಕುವುದು, ಬ್ಯಾಂಕಿಗೆ ಓಡಾಡುವುದು, ಆಹಾರ ಸುರಕ್ಷತಾ ಲೈಸೆನ್ಸ್‌ಗೆ ನೆರವಾಗುವುದು ಎಲ್ಲ ಅವರ ಕೆಲಸ. ಸಾಲ ಮಂಜೂರಾದ ಪ್ರತಿ ಅರ್ಜಿಗೆ ಸರ್ಕಾರವೇ ಅವರಿಗೆ 20 ಸಾವಿರ ಕೊಡುತ್ತದೆ. ನೀವು ಒಂದು ರೂಪಾಯಿ ಕೊಡಬೇಕಿಲ್ಲ. ಅವರ ಫೋನ್ ನಂಬರ್ ಜಿಲ್ಲೆಯ ಕೃಷಿ ಇಲಾಖೆ ಕಚೇರಿಯಲ್ಲಿ ಅಥವಾ ಯೋಜನೆಯ ರಾಜ್ಯ ಸಂಸ್ಥೆಯಾದ ಕೆಪೆಕ್‌ನಲ್ಲಿ ಕೇಳಿ. ನಿಮ್ಮ ಲೆಕ್ಕಪತ್ರ ಬಲ್ಲ ಸಿಎ ರಿಪೋರ್ಟ್ ಬರೆದುಕೊಟ್ಟರೆ ಅವರ ಫೀ ಕೊಡಿ, ಅದು ನ್ಯಾಯ. ‘ಗ್ಯಾರಂಟಿ’ಗೆ ದುಡ್ಡು ಕೊಡಬೇಡಿ. ಸಾಲ ಮಂಜೂರು ಮಾಡುವುದು ಬ್ಯಾಂಕ್, ಅದರ ಪರವಾಗಿ ಇನ್ಯಾರೂ ಗ್ಯಾರಂಟಿ ಕೊಡಲಾರರು.

ಕೊಟೇಶನ್ ಇಟ್ಟುಕೊಂಡಿರಿ, ಅಡ್ವಾನ್ಸ್ ಕೊಡಬೇಡಿ. ಸಾಲ ಮಂಜೂರಾಗುವ ಮೊದಲೇ ಕೊಂಡ ಮಷಿನ್‌ಗೆ ಸಬ್ಸಿಡಿ ಕೇಳುವುದು ಕಷ್ಟ. ಜಾಗದ ಬೆಲೆ ಯೋಜನಾ ವೆಚ್ಚಕ್ಕೆ ಸೇರುವುದಿಲ್ಲ, ಕಟ್ಟಡದ ಕೆಲಸಕ್ಕೂ ಶೇ 30ರ ಮಿತಿ ಇದೆ. ಇನ್ನೊಂದು ಮಾತು: ಪಿಎಂಇಜಿಪಿ, ಪಿಎಂಎಫ್‌ಎಂಇ ಎರಡನ್ನೂ 2026ರ ಮಾರ್ಚ್‌ವರೆಗಿನ ಅವಧಿಗೆ ಮಂಜೂರು ಮಾಡಿದ್ದರು. ಇಂಥ ಯೋಜನೆಗಳು ಹಣಕಾಸು ವರ್ಷದ ಲೆಕ್ಕದಲ್ಲೇ ಮುಂದುವರಿಯುತ್ತವೆ, ಬದಲಾಗುತ್ತವೆ, ನಿಲ್ಲುತ್ತವೆ. ನೀವು ಅರ್ಜಿ ಹಾಕುವ ವಾರ ಪೋರ್ಟಲ್ ತೆರೆದಿದೆಯೇ, ಜಿಲ್ಲೆಯ ಗುರಿಯಲ್ಲಿ ಜಾಗ ಉಳಿದಿದೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಮನೆ ಪತ್ರದ ವಿಷಯ. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಒಂದು ಮಿತಿಯವರೆಗಿನ ಸಾಲಕ್ಕೆ ಬ್ಯಾಂಕ್ ಆಸ್ತಿ ಅಡಮಾನ ಕೇಳುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ಸೂಚನೆ. ಆ ಮಿತಿ ಬಹಳ ವರ್ಷ 10 ಲಕ್ಷವೇ ಇತ್ತು, ಈಗ ಎಷ್ಟಿದೆ ಎಂದು ಮೊದಲು ಕೇಳಿಕೊಳ್ಳಿ. ನಿಮ್ಮದು 16.2 ಲಕ್ಷ. ಅದು ಮಿತಿ ದಾಟುವುದಾದರೆ ಸಿಜಿಟಿಎಂಎಸ್‌ಇ ಇದೆ. ಕೇಂದ್ರ ಸರ್ಕಾರ ಮತ್ತು ಸಣ್ಣ ಕೈಗಾರಿಕೆಗಳ ಬ್ಯಾಂಕಾದ ಸಿಡ್ಬಿ ಸೇರಿ 2000ದಲ್ಲಿ ಕಟ್ಟಿದ ಟ್ರಸ್ಟ್ ಇದು. 2025ರ ಏಪ್ರಿಲ್‌ನಿಂದ 10 ಕೋಟಿವರೆಗಿನ ಸಾಲಕ್ಕೆ ಗ್ಯಾರಂಟಿ ಕೊಡುತ್ತದೆ. ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ. ನೀವು ಕಟ್ಟದಿದ್ದರೆ ಟ್ರಸ್ಟ್ ಬ್ಯಾಂಕಿನ ನಷ್ಟದ ದೊಡ್ಡ ಪಾಲು ತುಂಬಿಕೊಡುತ್ತದೆ, ನಿಮ್ಮ ಸಾಲ ಹಾಗೇ ನಿಂತಿರುತ್ತದೆ, ವಸೂಲಿಯೂ ನಡೆಯುತ್ತದೆ. ಇದಕ್ಕೆ ವರ್ಷಕ್ಕೊಂದು ಶುಲ್ಕ ಇದೆ, ಸಾಮಾನ್ಯವಾಗಿ ಅದು ಸಾಲಗಾರರ ತಲೆಗೇ ಬರುತ್ತದೆ.

ಅಡಮಾನವಿಲ್ಲದ ಸಾಲದ ಮಿತಿ ದಾಟಿದ ಮೇಲೆ ಟ್ರಸ್ಟಿಗೆ ಹೋಗಬೇಕೋ ಅಡಮಾನ ಕೇಳಬೇಕೋ ಅನ್ನುವುದು ಬ್ಯಾಂಕಿನ ಇಷ್ಟ. ಮ್ಯಾನೇಜರ್‌ಗೆ ಅಡಮಾನವೇ ಸುಲಭ, ನಿಜ ಹೇಳಬೇಕೆಂದರೆ. ಹಾಗಾಗಿ ವಾದ ಮಾಡುವ ಬದಲು ಬರಹದಲ್ಲಿ ಕೇಳಿ: ‘ಈ ಸಾಲವನ್ನು ಸಿಜಿಟಿಎಂಎಸ್‌ಇ ಅಡಿ ಕೊಡಿ, ಶುಲ್ಕ ಕಟ್ಟಲು ಸಿದ್ಧ.’ ಮಷಿನ್ ಹೇಗೂ ಬ್ಯಾಂಕಿಗೆ ಒತ್ತೆ ಇರುತ್ತದೆ. ಇಲ್ಲ ಎಂದರೆ ಕಾರಣ ಬರಹದಲ್ಲಿ ಕೊಡಿ ಎಂದು ವಿನಯದಿಂದಲೇ ಕೇಳಿ. ಬಾಯಲ್ಲಿ ‘ಆಗಲ್ಲ’ ಎಂದಷ್ಟು ಸಲೀಸಾಗಿ ಕಾಗದದ ಮೇಲೆ ‘ಆಗಲ್ಲ’ ಎಂದು ಯಾರೂ ಬರೆಯುವುದಿಲ್ಲ. ಆಮೇಲೂ ಆಗದಿದ್ದರೆ ಬೇರೆ ಬ್ಯಾಂಕ್ ನೋಡಿ. ನಿಮ್ಮ ಜಿಎಸ್‌ಟಿ ಕಟ್ಟಿದ ಲೆಕ್ಕ, ಎರಡು ಮೂರು ವರ್ಷದ ರಿಟರ್ನ್ ಸರಿ ಇದ್ದರೆ ನೀವು ಬೇಡುವ ಜಾಗದಲ್ಲಿಲ್ಲ.

ಮಷಿನ್ ಸಾಲದ ಗದ್ದಲದಲ್ಲಿ ದುಡಿಯುವ ಬಂಡವಾಳ ಮರೆಯಬೇಡಿ. ದೊಡ್ಡ ಎಕ್ಸ್‌ಪೆಲ್ಲರ್‌ಗೆ ಕೊಬ್ಬರಿಯೂ ಜಾಸ್ತಿ ಬೇಕು, ಕೊಬ್ಬರಿಗೆ ಮಂಡಿಯಲ್ಲಿ ನಗದು ಬೇಕು, ಎಣ್ಣೆ ದುಡ್ಡು ಬರುವುದು ತಡ. ಇಲ್ಲೂ ಒಂದು ಹಳೆಯ ಸೂತ್ರ ನಿಮ್ಮ ಪರ ಇದೆ. ನಾಯಕ್ ಸಮಿತಿಯ ಲೆಕ್ಕ ಎನ್ನುತ್ತಾರೆ. ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 20ರಷ್ಟನ್ನಾದರೂ ಬ್ಯಾಂಕ್ ದುಡಿಯುವ ಬಂಡವಾಳಕ್ಕೆ ಕೊಡಬೇಕು, ಶೇ 5 ನೀವು ಹಾಕಬೇಕು. ಹೊಸ ಮಷಿನ್‌ನಿಂದ ವಹಿವಾಟು 90 ಲಕ್ಷ ಆಗುತ್ತದೆ ಎಂದು ನಂಬುವಂತೆ ತೋರಿಸಿದರೆ 18 ಲಕ್ಷದ ಮಿತಿ ಕೇಳಬಹುದು. ಪ್ರಾಜೆಕ್ಟ್ ರಿಪೋರ್ಟ್‌ನಲ್ಲೇ ಇದನ್ನೂ ಬರೆಸಿ. ಆಮೇಲೆ ಬೇರೆಯಾಗಿ ಕೇಳಲು ಹೋದರೆ ಇನ್ನೊಂದು ಸುತ್ತು ಓಡಾಟ.

ನಿಮ್ಮ ಎಣ್ಣೆ ಕೊಳ್ಳುವ ಕಂಪನಿಯ ವಹಿವಾಟು 250 ಕೋಟಿ ದಾಟಿದ್ದರೆ ಅದು ಟ್ರೆಡ್ಸ್ ವೇದಿಕೆಯಲ್ಲಿ ನೋಂದಣಿ ಆಗಿರಬೇಕು ಎಂದು ಕೇಂದ್ರ 2024ರ ನವೆಂಬರ್‌ನಲ್ಲಿ ಆದೇಶ ಮಾಡಿದೆ. ಅಲ್ಲಿ ಕಂಪನಿ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಹರಾಜಿನಲ್ಲಿ ಕೊಂಡು ನಿಮಗೆ ಮೊದಲೇ ದುಡ್ಡು ಕೊಡುತ್ತವೆ. ಕಂಪನಿ ಕೊನೆಗೆ ಕೊಡದಿದ್ದರೂ ಬ್ಯಾಂಕ್ ನಿಮ್ಮನ್ನು ಕೇಳುವುದಿಲ್ಲ. ಆದರೆ ನೋಂದಣಿ ಕಡ್ಡಾಯ, ಬಿಲ್ಲು ಒಪ್ಪುವುದು ಅವರ ಮನಸ್ಸು. ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಮುದ್ರಾ ಬಗ್ಗೆ ನೀವು ಕೇಳಿಲ್ಲ, ಆದರೂ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಸಬ್ಸಿಡಿ ಇಲ್ಲ, ಅಡಮಾನವಿಲ್ಲದ ಸಾಲ ಅಷ್ಟೇ. ಅದರ 20 ಲಕ್ಷದ ‘ತರುಣ್ ಪ್ಲಸ್’ ಹಂತ ಸಿಗುವುದು ಹಿಂದೆ ಅದಕ್ಕಿಂತ ಕೆಳಗಿನ ‘ತರುಣ್’ ಹಂತದ ಸಾಲ ತೆಗೆದು ತೀರಿಸಿದವರಿಗೆ. ರಾಜ್ಯದ 2025-30ರ ಕೈಗಾರಿಕಾ ನೀತಿಯಲ್ಲೂ ಸಣ್ಣ ಘಟಕಗಳಿಗೆ ರಿಯಾಯಿತಿಗಳಿವೆ, ತಾಲ್ಲೂಕು ಯಾವ ವಲಯದಲ್ಲಿದೆ ಎಂಬುದರ ಮೇಲೆ ಬದಲಾಗುತ್ತವೆ. ಒಂದೇ ಮಷಿನ್‌ಗೆ ಎರಡು ಕಡೆ ಸಬ್ಸಿಡಿ ಕೇಳಲು ಹೋಗಬೇಡಿ. ಯಾವುದು ನಿಮಗೆ ಲಾಭ ಎಂದು ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಮ್ಮೆ ಕೂತು ಲೆಕ್ಕ ಹಾಕಿಸಿ.

ಆ ಕನ್ಸಲ್ಟೆಂಟ್‌ಗೆ ಈಗಾಗಲೇ ಆಧಾರ್, ಪಾನ್ ಕೊಟ್ಟು ಏನಾದರೂ ಮಾಡಿಸಿದ್ದೀರಾ? ಹಾಗಿದ್ದರೆ ಇವತ್ತೇ ಉದ್ಯಮ್ ಸರ್ಟಿಫಿಕೇಟ್ ತೆಗೆದು ನೋಡಿ. ಅದರಲ್ಲಿರುವ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇದೆಯೇ? ಏಜೆಂಟರು ತಮ್ಮ ನಂಬರ್ ಹಾಕಿಬಿಡುವುದು ಮಾಮೂಲಿ. ಆಗ ಒಟಿಪಿ ಅವರಿಗೆ ಹೋಗುತ್ತದೆ, ಸಮಾಧಾನ್ ದೂರಿನ ನೋಟಿಸೂ ಅವರಿಗೇ ಹೋಗಬಹುದು. ಬೇರೆಯವರ ನಂಬರ್ ಇದ್ದರೆ ಪೋರ್ಟಲ್‌ನ ಅಪ್‌ಡೇಟ್ ವಿಭಾಗದಲ್ಲಿ ಉಚಿತವಾಗಿ ಬದಲಾಯಿಸಬಹುದು. ಘಟಕದ ವರ್ಗೀಕರಣದಲ್ಲಿ ‘ತಯಾರಿಕೆ’ ಎಂದಿದೆಯೋ ‘ವ್ಯಾಪಾರ’ ಎಂದಿದೆಯೋ ಅದನ್ನೂ ನೋಡಿ. ವ್ಯಾಪಾರ ಎಂದಿದ್ದರೆ ಆ 4.2 ಲಕ್ಷದ ಪತ್ರ ಕಳಿಸುವ ಮೊದಲು ನಿಮ್ಮ ಆಡಿಟರ್ ಜೊತೆ ಮಾತಾಡಿ.